ಬಣ್ಣ ಬಳಿದರೆ ಬೀಚ್ ರಸ್ತೆ ಉಳಿಯುವುದಿಲ್ಲ: ಪುದುಚೇರಿಯ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಪುದುಚೇರಿ ಕೇಂದ್ರಾಡಳಿತ ಪ್ರದೇಶ

ಮಾನ್ಯರೇ, ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವನು. ಹುಟ್ಟಿ ಬೆಳೆದದ್ದು ಉಳ್ಳಾಲದ ಹತ್ತಿರ, ಕಡಲ ಪಕ್ಕದಲ್ಲಿ. ಬಿಡುವು ಸಿಕ್ಕಾಗಲೆಲ್ಲ ನಿಮ್ಮ ಊರಿಗೆ ಬರುವುದು ನನ್ನ ಹಳೇ ಅಭ್ಯಾಸ. ಬಂದ ತಕ್ಷಣ ಒಂದು ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಮರುದಿನ ಬೆಳಕು ಹರಿಯುವ ಮೊದಲೇ ಬೀಚ್ ರಸ್ತೆಯಲ್ಲಿರುತ್ತೇನೆ. ಆ ರಸ್ತೆಯ ಬಗ್ಗೆ, ಅದನ್ನು ಹಿಡಿದು ನಿಲ್ಲಿಸಿರುವ ದಡದ ಬಗ್ಗೆ, ಅಲ್ಲಿ ಸೈಕಲ್ಲಿಗೆ ಸಿಗಬೇಕಾದ ಜಾಗದ ಬಗ್ಗೆ ನಿಮಗೆ ಕೆಲವು ಮಾತು ಹೇಳಲೇಬೇಕು ಅನಿಸಿದೆ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಎಲ್ಲರ ಮುಂದೆ ಇಡಲು ಬೇರೆ ಕಾರಣವಿದೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು, 300ಕ್ಕೂ ಹೆಚ್ಚು ಕಿ.ಮೀ. ಓಡಿಸಿಕೊಂಡು ಬಂದು, ಶನಿವಾರ ಬೆಳಿಗ್ಗೆ ನಿಮ್ಮ ಊರು ತುಂಬುವವರಲ್ಲಿ ನಮ್ಮವರು ಬಹಳ ಜನ. ಫ್ರೆಂಚರ ಕಾಲದ ಹಳೇ ಬಡಾವಣೆಯಾದ ವೈಟ್ ಟೌನಿನ ಗಲ್ಲಿಗಳಲ್ಲಿ ಸಾಲಾಗಿ ನಿಂತ ಕೆಎ ನಂಬರಿನ ಕಾರುಗಳನ್ನು ನೀವೂ ನೋಡಿರುತ್ತೀರಿ. ಆ ರಸ್ತೆಯ ಮೇಲಿನ ಭಾರದಲ್ಲಿ ನಮ್ಮ ಪಾಲೂ ಇದೆ. ಹಾಗಾಗಿ ನಿಮಗೆ ಹೇಳುವುದನ್ನು ಅವರೂ ಕೇಳಿಸಿಕೊಳ್ಳಲಿ. ಅವರಿಗೆ ಹೇಳುವ ಎರಡು ಮಾತೂ ಕೊನೆಯಲ್ಲಿವೆ.

ನಮಗೂ ನಿಮ್ಮ ಊರಿಗೂ ಇರುವ ನಂಟು ವೀಕೆಂಡ್ ಟ್ರಿಪ್‌ಗಳ ಕಾಲದಿಂದ ಶುರುವಾದದ್ದಲ್ಲ. ಅರವಿಂದರು 1910ರಲ್ಲಿ ಪುದುಚೇರಿಗೆ ಬಂದು ನೆಲೆಸಿದರು. ಆಮೇಲೆ ಅವರನ್ನು ಕಾಣಲು ಕನ್ನಡ ನಾಡಿನಿಂದಲೂ ಜನ ಬಂದರು. ವಿಜಯಪುರ ಸೀಮೆಯ ಹಲಸಂಗಿಯಂಥ ಸಣ್ಣ ಊರಿನಿಂದ ಬಂದವರೂ ಅದರಲ್ಲಿದ್ದರು. ಬಯಲುಸೀಮೆಯಿಂದ ಬಂದ ಆ ಮನುಷ್ಯರು ಕಂಡ ದಡದಲ್ಲಿ ಮರಳಿತ್ತು. ನಾನು ಮೊದಲ ಸಲ ಬಂದಾಗ ಕಂಡದ್ದು ಬರೀ ಕಪ್ಪು ಬಂಡೆ.

ಬೀಚ್ ರಸ್ತೆಯ ಉದ್ದ ಹೆಚ್ಚೆಂದರೆ ಒಂದೂವರೆ ಕಿ.ಮೀ. ಅಷ್ಟರಲ್ಲೇ ಎಷ್ಟೊಂದು ಕಾಲ ಅಕ್ಕಪಕ್ಕ ನಿಂತಿದೆ! ದಕ್ಷಿಣದ ತುದಿಯಲ್ಲಿ ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ಪ್ರತಿಮೆ. ಅಲ್ಲಿಂದ ಉತ್ತರಕ್ಕೆ ತುಳಿದರೆ ಮೇರಿ ಕಟ್ಟಡ, ಅಂದರೆ ಫ್ರೆಂಚರ ಕಾಲದ ಪುರಸಭೆಯ ಕಟ್ಟಡ. ಮುಂದೆ ಗಾಂಧಿ ಪ್ರತಿಮೆ. ಅದರ ಸುತ್ತ ತಮಿಳುನಾಡಿನ ಸೆಂಜಿಯಿಂದ ತಂದವೆಂದು ಹೇಳುವ ಎತ್ತರದ ಕಲ್ಲುಕಂಬಗಳು. ಎದುರಿಗೆ ನೆಹರೂ ಪ್ರತಿಮೆ. ಆಮೇಲೆ ಕಸ್ಟಮ್ಸ್ ಕಟ್ಟಡ, 1836ರಲ್ಲಿ ಮೊದಲು ಬೆಳಗಿದ ಹಳೆಯ ದೀಪಸ್ತಂಭ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರ ಹೋರಾಡಿ ಸತ್ತ ಸೈನಿಕರಿಗಾಗಿ ಕಟ್ಟಿದ ಸ್ಮಾರಕವೂ ಇದೇ ಸಾಲಿನಲ್ಲಿದೆ. ಅದು ದಾಟಿದರೆ ಸೆಕ್ರೆಟರಿಯೇಟ್. ಫ್ರೆಂಚರ ಕಾಲದಲ್ಲಿ ಈ ದಾರಿಗೆ ಕೂರ್ ಶಾಬ್ರೋಲ್ ಎಂಬ ಹೆಸರಿತ್ತು. ಈಗ ದಾಖಲೆಗಳಲ್ಲಿ ಗೂಬೇರ್ ಅವೆನ್ಯೂ. 1954ರ ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. 1962ರ ಆಗಸ್ಟ್ 16ರಂದು ಕಾಗದಪತ್ರದ ಪ್ರಕಾರವೂ ನಮ್ಮದಾಯಿತು. ಫ್ರೆಂಚ್ ಗವರ್ನರ್ ಒಂದು ಕಡೆ, ಗಾಂಧಿ ಇನ್ನೊಂದು ಕಡೆ ನಿಂತಿರುವ ಇಂಥ ಕಡಲ ದಾರಿ ನಮ್ಮ ದೇಶದಲ್ಲಿ ಬೇರೆಲ್ಲೂ ಇಲ್ಲ.

ಪಡುವಣ ಕಡಲಿನವನಾದ ನನಗೆ ಅಲ್ಲಿ ಇನ್ನೊಂದು ಸೆಳೆತವೂ ಇದೆ. ನಮ್ಮ ಕಡೆ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ. ನಿಮ್ಮಲ್ಲಿ ಸಮುದ್ರದಿಂದ ಎದ್ದು ಬರುತ್ತಾನೆ. ಆ ಹೊತ್ತಿಗೆ ಬೀಚ್ ರಸ್ತೆಯಲ್ಲಿ ಎಂಜಿನ್ ಸದ್ದಿರುವುದಿಲ್ಲ. ಸಂಜೆ 6ರಿಂದ ಬೆಳಿಗ್ಗೆ 7:30ರವರೆಗೆ ವಾಹನ ಬಿಡಬಾರದು ಎಂದು ನಿಯಮ ಮಾಡಿದವರು ಯಾರೇ ಇರಲಿ, ಅವರಿಗೆ ನಾನು ಋಣಿ. ವಯಸ್ಸಾದವರು ಕೈ ಬೀಸಿಕೊಂಡು ನಡೆಯುತ್ತಾರೆ. ಮಕ್ಕಳು ರಸ್ತೆ ನಡುವೆಯೇ ಓಡುತ್ತಾರೆ. ತಳ್ಳುಗಾಡಿಯಲ್ಲಿ ಟೀ ಕುದಿಯುತ್ತದೆ. ಅವರ ನಡುವೆ ನಮ್ಮಂಥವರ ಸೈಕಲ್ಲು ಮೆಲ್ಲಗೆ ಸಾಗುತ್ತದೆ. ಭಾರತದ ಬೇರೆ ಊರುಗಳು ಈಗೀಗ ಕಲಿಯಲು ನೋಡುತ್ತಿರುವ ಪಾಠವನ್ನು ನಿಮ್ಮ ಊರು ಬಹಳ ಹಿಂದೆಯೇ ಮಾಡಿ ತೋರಿಸಿದೆ.

ಈಗ ದೂರಿಗೆ ಬರುತ್ತೇನೆ.

ಸೈಕಲ್ ಮೇಲೆ ಹೋಗುವವನಿಗೆ ನೆಲದ ಸ್ಥಿತಿ ಬೇಗ ಗೊತ್ತಾಗುತ್ತದೆ. ಕಾರಿನಲ್ಲಿ ಕೂತವರಿಗೆ ತಿಳಿಯದ ತಗ್ಗು ಹ್ಯಾಂಡಲ್ ಹಿಡಿದ ಕೈಗೆ ತಿಳಿಯುತ್ತದೆ. ಕಡಲ ಬದಿಯ ಕಾಲುದಾರಿಯ ಕಲ್ಲುಗಳು ಕೆಲವು ಕಡೆ ಕುಸಿದಿವೆ, ಕೆಲವು ಕಡೆ ಎದ್ದಿವೆ. ಅಂಚಿನ ಗೋಡೆಯ ಕಾಂಕ್ರೀಟು ಅಲ್ಲಲ್ಲಿ ಬಿರಿದು ಒಳಗಿನ ಕಬ್ಬಿಣ ಕಾಣುತ್ತಿದೆ. ಕಡಲ ಪಕ್ಕ ಬೆಳೆದವರಿಗೆ ಇದರ ಕಾರಣ ಗೊತ್ತು. ಉಪ್ಪುಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿಯುತ್ತದೆ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲ ಚೆನ್ನಾಗಿ ಕಾಣಬಹುದು, ಅಷ್ಟೇ. ಕಾಲುದಾರಿಯ ಕಲ್ಲು ಕುಸಿಯುವುದಕ್ಕೂ ಬುಡದಲ್ಲೇ ಕಾರಣವಿದೆ. ಅಲೆ ಬಂಡೆಗಳ ಸಂದಿಯಿಂದ ನುಗ್ಗಿ ಬಂದು ಹಿಂದಕ್ಕೆ ಹೋಗುವಾಗ ಸಣ್ಣ ಮಣ್ಣನ್ನು ಎಳೆದುಕೊಂಡು ಹೋಗುತ್ತದೆ. ಕೆಳಗೆ ಪೊಳ್ಳಾದ ಮೇಲೆ ಮೇಲಿನ ಕಲ್ಲು ಕೂರಲೇಬೇಕು. ಅದರ ಮೇಲೆ ಹೊಸ ಟೈಲ್ಸ್ ಹಾಕಿದರೂ ಅದೇ ಗತಿ.

ಹಾಗಾಗಿ ಬೀಚ್ ರಸ್ತೆಯ ದುರಸ್ತಿ ರಸ್ತೆಯಲ್ಲಿ ಶುರುವಾಗುವುದಿಲ್ಲ. ಅದು ಮರಳಿನಲ್ಲಿ ಶುರುವಾಗಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಲು ಬಿಡಿ.

ನಿಮ್ಮ ಕರಾವಳಿಯಲ್ಲಿ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ನೈಋತ್ಯ ಮುಂಗಾರಿನ ದಿನಗಳಲ್ಲಿ ಅಲೆಗಳು ದಕ್ಷಿಣದಿಂದ ಓರೆಯಾಗಿ ಬಂದು ಮರಳನ್ನು ಉತ್ತರಕ್ಕೆ ತಳ್ಳುತ್ತವೆ. ಈಶಾನ್ಯ ಮುಂಗಾರಿನಲ್ಲಿ ದಕ್ಷಿಣಕ್ಕೆ ತರುತ್ತವೆ. ಉತ್ತರಕ್ಕೆ ಹೋಗುವ ತಿಂಗಳುಗಳೇ ಜಾಸ್ತಿ. ಅದಕ್ಕೇ ಒಟ್ಟು ಲೆಕ್ಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಘನ ಮೀಟರ್ ಮರಳು ಉತ್ತರದ ಕಡೆ ಸಾಗುತ್ತದೆ. 1980ರ ದಶಕದ ಕೊನೆಯಲ್ಲಿ ಊರಿನ ದಕ್ಷಿಣಕ್ಕೆ, ಅರಿಯಾಂಕುಪ್ಪಂ ನದಿ ಕಡಲು ಸೇರುವಲ್ಲಿ, ಬಂದರಿಗಾಗಿ ಕಲ್ಲಿನ ತಡೆಗೋಡೆಗಳನ್ನು ಕಟ್ಟಿದರು. ಮರಳಿನ ದಾರಿಗೆ ಅಡ್ಡ ಬಿತ್ತು. ಗೋಡೆಯ ದಕ್ಷಿಣಕ್ಕೆ ಮರಳು ರಾಶಿಯಾಯಿತು. ಉತ್ತರಕ್ಕೆ, ಅಂದರೆ ಪಟ್ಟಣದ ಎದುರಿಗೆ, ಬರುವುದು ನಿಂತಿತು. ಬರುವ ಮರಳು ನಿಂತರೂ ಅಲೆ ಇದ್ದ ಮರಳನ್ನು ಒಯ್ಯುವುದನ್ನು ನಿಲ್ಲಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಪಟ್ಟಣದ ಬೀಚ್ ಹೋಯಿತು.

ದಕ್ಷಿಣದಲ್ಲಿ ನಿಂತ ಮರಳನ್ನು ಪಂಪ್ ಮಾಡಿ ಉತ್ತರಕ್ಕೆ ದಾಟಿಸುವ ವ್ಯವಸ್ಥೆ ಆ ಬಂದರಿನ ಯೋಜನೆಯಲ್ಲೇ ಇತ್ತು. ಅದನ್ನು ಬಿಡದೆ ನಡೆಸಿದ್ದರೆ ಇವತ್ತು ನಾನು ಈ ಪತ್ರ ಬರೆಯುವ ಅಗತ್ಯವೇ ಇರಲಿಲ್ಲ. ಅದು ನಡೆಯಲಿಲ್ಲ. ಬದಲಿಗೆ ದಡಕ್ಕೆ ಬಂಡೆ ಸುರಿದರು. ಬಂಡೆ ಹಾಕಿದ ಕಡೆ ರಸ್ತೆ ಉಳಿಯಿತು, ನಿಜ. ಕೊರೆತ ಮಾತ್ರ ಬಂಡೆ ಮುಗಿದ ಜಾಗಕ್ಕೆ, ಉತ್ತರದ ಮೀನುಗಾರರ ಕೇರಿಗಳಿಗೆ ಸರಿಯಿತು. ಕುರುಚಿಕುಪ್ಪಂ, ವೈದಿಕುಪ್ಪಂ, ಸೋಲೈ ನಗರ. ಅಲ್ಲಿಗೂ ಬಂಡೆ ಬಂದಾಗ ಇನ್ನೂ ಉತ್ತರಕ್ಕೆ, ತಮಿಳುನಾಡಿನ ಹಳ್ಳಿಗಳಿಗೆ. ಇದನ್ನು ಓದುತ್ತಿರುವ ಉಳ್ಳಾಲ, ಸೋಮೇಶ್ವರದ ಜನರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಡಲ್ಕೊರೆತ ಅಂದರೆ ಏನು ಎಂಬುದು ಅವರಿಗೆ ಮನೆಯ ಗೋಡೆ ಬಿದ್ದು ಗೊತ್ತಾಗಿದೆ. ಒಬ್ಬರ ಮನೆ ಮುಂದೆ ಕಲ್ಲು ಹಾಕಿದರೆ ಪಕ್ಕದವರ ತೆಂಗಿನ ಮರ ನೀರಿಗೆ ಬೀಳುತ್ತದೆ. ಕೊನೆಗೆ ನಮ್ಮ ಉಳ್ಳಾಲದಲ್ಲೂ ದಡದಿಂದ ಆಚೆ, ನೀರಿನೊಳಗೇ ದಿಬ್ಬ ಕಟ್ಟಿ ಅಲೆಯ ಬಲ ತಗ್ಗಿಸುವ ಯೋಜನೆಗೆ ಬರಬೇಕಾಯಿತು.

ಬಂಡೆಗಳನ್ನು ನಾನು ಸಾರಾಸಗಟು ತೆಗಳುತ್ತಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ದಿನ ಪಟ್ಟಣದ ನಡುಭಾಗವನ್ನು ಕಾಪಾಡಿದ್ದರಲ್ಲಿ ಆ ಬಂಡೆಗೋಡೆಯ ಪಾತ್ರ ದೊಡ್ಡದು. ಅದು ಇರಬೇಕು. ಆದರೆ ಅದೊಂದೇ ಸಾಕು ಎಂದುಕೊಳ್ಳಬಾರದು.

ಒಳ್ಳೆಯದು ಆದಾಗ ಅದನ್ನೂ ಹೇಳಬೇಕು, ಅಲ್ವಾ? 2018ರ ಹೊತ್ತಿಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಸೆಕ್ರೆಟರಿಯೇಟ್ ಎದುರಿನ ಕಡಲಲ್ಲಿ ಉಕ್ಕಿನ ದೊಡ್ಡ ಬೆಣೆಯಾಕಾರದ ರಚನೆಯನ್ನು ಮುಳುಗಿಸಿ ಕೃತಕ ದಿಬ್ಬ ಮಾಡಿದರು. ಬಂದರಿನ ಹೂಳಿನ ಮರಳನ್ನೂ ತಂದು ಸುರಿದರು. ಬಂಡೆಗಳ ಮುಂದೆ ಮರಳು ಮತ್ತೆ ನಿಂತಿತು. ಬರೀ ಕಲ್ಲು ಕಂಡಿದ್ದ ಜಾಗದಲ್ಲಿ ಮಕ್ಕಳು ಮರಳಿನಲ್ಲಿ ಗುಡ್ಡೆ ಕಟ್ಟುವುದನ್ನು ಮೊದಲ ಸಲ ನೋಡಿದಾಗ ಸೈಕಲ್ ಒರಗಿಸಿಟ್ಟು ಎಷ್ಟೋ ಹೊತ್ತು ನಿಂತಿದ್ದೆ. ಕಳೆದುಹೋದ ಬೀಚನ್ನು ವಾಪಸ್ ತರಬಹುದು ಎಂದು ದೇಶಕ್ಕೇ ತೋರಿಸಿದ ಊರು ನಿಮ್ಮದು. ಅದಕ್ಕೇ ಈಗಿನ ಮೌನ ಜಾಸ್ತಿ ನೋಯಿಸುತ್ತದೆ. ದಕ್ಷಿಣದ ಭಾಗಕ್ಕೂ ಇಂಥದ್ದೇ ಇನ್ನೊಂದು ದಿಬ್ಬ ಯೋಜನೆಯಲ್ಲಿತ್ತು. ಅದು ಎಲ್ಲಿಗೆ ಬಂತು? ಬಂದರಿನ ಬಾಯಿಯಿಂದ ತೆಗೆದ ಮರಳು ಪ್ರತಿವರ್ಷ ಎಷ್ಟು, ಅದರಲ್ಲಿ ಪಟ್ಟಣದ ದಡಕ್ಕೆ ಬಂದದ್ದೆಷ್ಟು? ಈ ಎರಡು ಲೆಕ್ಕ ಬೀಚ್ ರಸ್ತೆಯಲ್ಲಿ ಓಡಾಡುವ ಯಾರಿಗಾದರೂ ಕಾಣುವಂತೆ ಒಂದು ಫಲಕದಲ್ಲಿ ಹಾಕಿಸಿ. ತಮಿಳಿನಲ್ಲಿ ಹಾಕಿಸಿ, ಮೀನುಗಾರರು ಓದುವಂತೆ. ಮರಳು ಸಾಗಿಸುವುದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸ ಅಲ್ಲ. ಬಂದರಿನ ಗೋಡೆ ಇರುವವರೆಗೂ ಪ್ರತಿವರ್ಷ ಮಾಡಬೇಕಾದ ಕೆಲಸ. ಬಜೆಟ್ಟಿನಲ್ಲಿ ಅದಕ್ಕೆ ಕಾಯಂ ಜಾಗ ಬೇಕು.

ಇನ್ನು ಪಿಯರ್, ಅಂದರೆ ದಡದಿಂದ ಕಡಲೊಳಗೆ ಚಾಚಿದ ಕಟ್ಟೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. 19ನೇ ಶತಮಾನದ ಹಳೆಯ ಕಬ್ಬಿಣದ ಪಿಯರ್ 1952ರ ಚಂಡಮಾರುತದಲ್ಲಿ ಹಾಳಾಯಿತು. ಅದರ ನಂತರ ದಕ್ಷಿಣದ ಕಡೆ ಕಾಂಕ್ರೀಟಿನ ಹೊಸ ಪಿಯರ್ ಕಟ್ಟಿದರು. 1962ರ ಹೊತ್ತಿಗೆ ಅದು ಮುಗಿಯಿತು. ಹಡಗುಗಳು ದೂರ ನಿಂತು, ದೋಣಿಗಳು ಸರಕು ಹೊತ್ತು ತಂದು ಇಳಿಸುತ್ತಿದ್ದ ಕಾಲದ ಕಟ್ಟೋಣ ಅದು. ಬಂದರು ಬೇರೆಡೆ ಹೋದ ಮೇಲೆ ಅದನ್ನು ಕೇಳುವವರು ಕಡಿಮೆಯಾದರು. 2022ರ ಮಾರ್ಚ್‌ನಲ್ಲಿ ವಾಯುಭಾರ ಕುಸಿತದಿಂದ ಎದ್ದ ಅಲೆಗಳಿಗೆ ಅದರ ಒಂದು ಭಾಗ ಕುಸಿದು ಬಿತ್ತು. ಒಂದೇ ರಾತ್ರಿಯ ಅಲೆ ಅದನ್ನು ಬೀಳಿಸಲಿಲ್ಲ. ವರ್ಷಗಟ್ಟಲೆ ತುಕ್ಕು ತಿಂದಿದ್ದನ್ನು ಆ ಅಲೆ ಕೆಡವಿತು. ಉಳಿದ ಕಂಬಗಳನ್ನು ಗಟ್ಟಿಮಾಡಿ ಉಳಿಸಿಕೊಳ್ಳುತ್ತೀರೋ, ಜೋಪಾನವಾಗಿ ತೆಗೆದು ನೆನಪಿಗೆ ಒಂದು ತುಂಡನ್ನಾದರೂ ದಡದಲ್ಲಿ ಇಡುತ್ತೀರೋ, ಹೊಸದು ಕಟ್ಟುತ್ತೀರೋ? ಯಾವುದಾದರೂ ಒಂದು ತೀರ್ಮಾನ ಮಾಡಿ, ಅದನ್ನು ಜನರ ಮುಂದೆ ಹೇಳಿ. ನನ್ನ ಕೋರಿಕೆ ಕೇಳಿದರೆ, ನಿಲ್ಲಬಲ್ಲ ಭಾಗವನ್ನು ಉಳಿಸಿ. ಪೂರ್ತಿ ಹೊಸದು ಕಟ್ಟಿ ಅದರ ಮೇಲೆ ಅಂಗಡಿ ಸಾಲು ಮಾಡುವುದಾದರೆ ಈಗಿರುವ ಅವಶೇಷವೇ ಮೇಲು.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಊರಿನಲ್ಲೇ ಸಾಕ್ಷಿ ಇದೆ. 19ನೇ ಶತಮಾನದ ಮೇರಿ ಕಟ್ಟಡಕ್ಕೆ ದುರಸ್ತಿ ಬೇಕು ಎಂಬ ಮಾತು ಮೊದಲಿಂದಲೂ ಇತ್ತು. ಮಾತು ನಡೆಯುತ್ತಿರುವಾಗಲೇ 2014ರ ನವೆಂಬರ್ ಕೊನೆಯ ಮಳೆಗೆ ಅದು ಕುಸಿಯಿತು. ಆಮೇಲೆ ವಿಶ್ವಬ್ಯಾಂಕಿನ ನೆರವಿನಿಂದ ಅದೇ ರೂಪದಲ್ಲಿ ಮತ್ತೆ ಕಟ್ಟಿ, 2021ರಲ್ಲಿ ಉದ್ಘಾಟನೆ ಮಾಡಿದರು. ಕೆಲಸ ಚೆನ್ನಾಗಿದೆ, ನಾನು ಹೊಗಳುತ್ತೇನೆ. ಆದರೆ ಹಳೆಯ ಗಾರೆ, ಹಳೆಯ ಮರದ ತೊಲೆ ಹೋದದ್ದು ಹೋಯಿತು. ನಂತರವೂ ಕಡಲು ಸುಮ್ಮನೆ ಕೂತಿಲ್ಲ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ನಿಮ್ಮ ಊರಿನ ಹತ್ತಿರವೇ ದಡ ಮುಟ್ಟಿತು. ಒಂದೇ ದಿನದಲ್ಲಿ 45 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. 2011ರ ಡಿಸೆಂಬರಿನ ಥಾನೆ ಚಂಡಮಾರುತವನ್ನು ನಿಮ್ಮ ಜನ ಇನ್ನೂ ಮರೆತಿಲ್ಲ. ಮುಂದಿನದು ಬರುವ ಮೊದಲು ಬೀಚ್ ರಸ್ತೆಯ ಕೆಳಗಿನ ಪೊಳ್ಳುಗಳನ್ನು ಹುಡುಕಿ ತುಂಬಿಸಬೇಕು. ಬಂಡೆಗಳ ಹಿಂದೆ ಮಣ್ಣು ಕೊಚ್ಚಿ ಹೋಗದಂತೆ ತಡೆಯುವ ಬಟ್ಟೆಯ ಪದರ, ಜಲ್ಲಿಯ ಪದರ ಹಾಕಬೇಕು. ಮೇಲಿನ ಕಲ್ಲು ಕೂರಿಸುವುದು ಅದಾದ ಮೇಲೆ. ಇಂಥ ಕೆಲಸದ ಫೋಟೋ ಚೆನ್ನಾಗಿ ಬರುವುದಿಲ್ಲ, ಉದ್ಘಾಟನೆಗೆ ರಿಬ್ಬನ್ ಕಟ್ಟಲು ಜಾಗವೂ ಇರುವುದಿಲ್ಲ. ಆದರೂ ಮೊದಲು ಆಗಬೇಕಾದದ್ದು ಇದೇ.

ದುರಸ್ತಿ ಮಾಡುವಾಗ ಹಳೆಯದರ ಗುರುತು ಅಳಿಸದಂತೆ ನೋಡಿಕೊಳ್ಳಿ ಎಂದೂ ಕೇಳುತ್ತೇನೆ. ಸುಣ್ಣದ ಗಾರೆಯ ಹಳೆ ಗೋಡೆಗೆ ಸಿಮೆಂಟು ಮೆತ್ತಿದರೆ ಗೋಡೆಯೊಳಗಿನ ತೇವ ಹೊರಗೆ ಬರಲಾಗದೆ ಒಳಗೇ ಕೊಳೆಯುತ್ತದೆ. ವೈಟ್ ಟೌನಿನಲ್ಲಿ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಈಗಲೂ ಇದ್ದಾರೆ. ಟೆಂಡರ್ ಕಡಿಮೆ ಬೆಲೆಗೆ ಹೋಯಿತು ಎಂಬ ಒಂದೇ ಕಾರಣಕ್ಕೆ ಅವರನ್ನು ಬಿಟ್ಟು ಕೆಲಸ ಮಾಡಿಸಬೇಡಿ.

ಈಗ ಸೈಕಲ್ ವಿಷಯ. ಬೆಳಿಗ್ಗೆ ಏಳೂವರೆಗೆ ಬ್ಯಾರಿಕೇಡ್ ಸರಿಯುತ್ತದೆ. ಹತ್ತೇ ನಿಮಿಷದಲ್ಲಿ ರಸ್ತೆ ಬೇರೆಯದೇ ಆಗುತ್ತದೆ. ಬೈಕುಗಳು, ಕಾರುಗಳು, ಹಾರ್ನು. ಅದುವರೆಗೆ ರಸ್ತೆಯಲ್ಲಿ ಆರಾಮಾಗಿ ಸೈಕಲ್ ಹೊಡೆಯುತ್ತಿದ್ದ ಹತ್ತು ವರ್ಷದ ಹುಡುಗಿಯನ್ನು ಅವಳ ಅಪ್ಪ ಗಾಬರಿಯಿಂದ ಅಂಚಿಗೆ ಎಳೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಏಳೂವರೆಯ ನಂತರವೂ ಅಲ್ಲಿಗೆ ಬರುವವರು ಬಹುತೇಕ ಕಡಲು ನೋಡಲು ಬಂದವರೇ. ಬೇರೆ ಊರಿಗೆ ಹೋಗುವ ಹೆದ್ದಾರಿ ಅದಲ್ಲ. ಸಮುದ್ರಕ್ಕೆ ಸಮಾನಾಂತರವಾಗಿ ಒಳಗೆ ಬೇರೆ ಬೀದಿಗಳಿವೆ. ಹಾಗಿದ್ದ ಮೇಲೆ ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಾದರೂ ಇಡೀ ದಿನ ವಾಹನ ಬಿಡದೆ ನೋಡಬಹುದಲ್ಲವೇ? ಆಂಬ್ಯುಲೆನ್ಸ್, ಅಲ್ಲೇ ವಾಸವಿರುವವರು, ನಡೆಯಲಾಗದವರನ್ನು ಕರೆತರುವ ಗಾಡಿ, ಇಷ್ಟಕ್ಕೆ ವಿನಾಯಿತಿ ಕೊಡಿ. ವಯಸ್ಸಾದವರಿಗೆ ಸಣ್ಣ ಎಲೆಕ್ಟ್ರಿಕ್ ಗಾಡಿ ಓಡಿಸಿ. ಅಂಗಡಿಯವರು ವ್ಯಾಪಾರ ಹೋಗುತ್ತದೆ ಎಂದು ಹೆದರಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ಕೊನೆಯಲ್ಲಿ ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿದಾಗಲೂ ಆ ಭಯ ಇತ್ತು. ಆದರೆ ಜನ ಬಂದರು, ನಡೆದರು, ಕೂತರು, ತಿಂದರು. ಕಬ್ಬನ್ ಪಾರ್ಕಿನ ಭಾನುವಾರಗಳು ಹೇಗಿರುತ್ತವೆ ಎಂದು ಯಾರನ್ನಾದರೂ ಕೇಳಿ ನೋಡಿ. ಆರು ತಿಂಗಳು ಪ್ರಯೋಗ ಮಾಡಿ. ಸರಿ ಬರದಿದ್ದರೆ ಬದಲಿಸಿ.

ವಾಹನ ಇಲ್ಲದ ಹೊತ್ತಿನಲ್ಲಿ ಸೈಕಲ್ಲಿಗೆ ಏನು ನಿಯಮ ಎಂಬುದೂ ಸ್ಪಷ್ಟವಾಗಿರಲಿ. ಒಂದು ದಿನ ಕಾವಲಿನವರು ನಕ್ಕು ಒಳಗೆ ಬಿಡುತ್ತಾರೆ. ಇನ್ನೊಂದು ದಿನ ಅದೇ ಹೊತ್ತಿನಲ್ಲಿ ಬೇರೊಬ್ಬರು ಇಳಿಯಿರಿ ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಯಾರೂ ಬರೆದು ಕೊಟ್ಟಿರುವುದಿಲ್ಲ. ಬೆಳಿಗ್ಗೆ ಜನ ವಿರಳವಾಗಿರುವಾಗ ರಸ್ತೆಯ ಕಟ್ಟಡಗಳ ಬದಿಯಲ್ಲಿ ಸೈಕಲ್ಲಿಗೆ ಒಂದು ಪಟ್ಟಿ ಗುರುತು ಮಾಡಿ ಕೊಡಿ. ಕಡಲ ಬದಿ ಪೂರ್ತಿ ನಡೆಯುವವರಿಗೇ ಇರಲಿ. ಸಂಜೆ ಕಾಲಿಡಲು ಜಾಗವಿಲ್ಲದಷ್ಟು ಜನ ಇರುತ್ತಾರೆ. ಆಗ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು ಎಂದೇ ನಿಯಮ ಮಾಡಿ. ನಾವು ಪಾಲಿಸುತ್ತೇವೆ. ಎರಡೂ ತುದಿಗಳಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡ್, ಗಾಳಿ ತುಂಬಲು ಒಂದು ಪಂಪು, ಕುಡಿಯುವ ನೀರು ಇದ್ದರೆ ಸಾಕು. ಬಾಡಿಗೆ ಅಂಗಡಿಗಳಲ್ಲಿ ಬ್ರೇಕು, ಲೈಟು, ಬೆಲ್ಲು ಸರಿಯಿವೆಯೇ ಎಂದು ವರ್ಷಕ್ಕೊಮ್ಮೆ ತಪಾಸಣೆ ಆಗಲಿ. ಬ್ರೇಕಿಲ್ಲದ ಸೈಕಲ್ ಕೈಗೆ ಬಂದ ಪ್ರವಾಸಿಗ ಬೆಳಗಿನ ವಾಕಿಂಗ್‌ಗೆ ಬಂದ ಅಜ್ಜನ ಮೇಲೆ ಬೀಳಬಾರದು.

ಇದೇ ದಾರಿಯನ್ನು ಉತ್ತರಕ್ಕೆ ಬೆಳೆಸಿ ಸೈಕಲ್ ಪಥ ಮಾಡಬೇಕು ಎಂದು ನನ್ನ ಗೆಳೆಯರಲ್ಲೇ ಕೆಲವರು ಹೇಳುತ್ತಾರೆ. ಕೇಳಲು ಚೆಂದ. ನನ್ನ ಮನಸ್ಸು ಒಪ್ಪುವುದಿಲ್ಲ. ಉತ್ತರದಲ್ಲಿ ಉಳಿದಿರುವ ಚೂರು ದಡದ ಮೇಲೆ ಮೀನುಗಾರರು ದೋಣಿ ಎಳೆಯಬೇಕು, ಬಲೆ ಹರವಬೇಕು, ಮೀನು ಒಣಗಿಸಬೇಕು. ಅವರ ದಡವನ್ನು ಕೊರೆದ ಯೋಜನೆಗಳಲ್ಲಿ ಅವರ ಮಾತನ್ನು ಎಷ್ಟು ಕೇಳಿದ್ದೀರಿ ಎಂಬುದು ನಿಮಗೇ ಗೊತ್ತು. ನಮ್ಮ ಬೆಳಗಿನ ಖುಷಿಗಾಗಿ ಅವರ ಅಂಗಳ ಹೋಗಬಾರದು. ಅಲ್ಲಿ ಮೊದಲು ಮರಳು ಬರಲಿ. ಆಮೇಲೆ ಪಥ ಬೇಕೋ ಬೇಡವೋ ಎಂಬುದನ್ನು ಆ ಕೇರಿಗಳ ಪಂಚಾಯಿತಿಯವರೇ ಹೇಳಲಿ.

ಇಷ್ಟು ಕೆಲಸ ಒಂದು ಇಲಾಖೆಯದಲ್ಲ ಎಂದು ನನಗೆ ಗೊತ್ತು. ರಸ್ತೆ ಒಬ್ಬರದು, ಬಂದರು ಇನ್ನೊಬ್ಬರದು, ಬ್ಯಾರಿಕೇಡು ಪೊಲೀಸರದು, ದೀಪ ಮತ್ತು ಕಸ ಬೇರೆಯವರದು, ಪ್ರವಾಸಿಗರು ಮತ್ತೊಬ್ಬರ ಲೆಕ್ಕ. ಕುಸಿದ ಒಂದು ಕಲ್ಲಿನ ಬಗ್ಗೆ ದೂರು ಕೊಡಬೇಕಾದವನು ಯಾರ ಬಾಗಿಲು ತಟ್ಟಬೇಕು? ಮರಳಿನಿಂದ ಸೈಕಲ್ ಸ್ಟ್ಯಾಂಡಿನವರೆಗೆ ಎಲ್ಲಕ್ಕೂ ಉತ್ತರ ಕೊಡುವ ಒಬ್ಬ ಅಧಿಕಾರಿಯನ್ನು ಬೀಚ್ ರಸ್ತೆಗೆ ನೇಮಿಸಿ. ಅವರ ಜೊತೆ ಒಬ್ಬ ಕರಾವಳಿ ಎಂಜಿನಿಯರ್, ಹಳೆ ಕಟ್ಟಡಗಳ ಸಂರಕ್ಷಣೆ ಬಲ್ಲವರು, ಮೀನುಗಾರರ ಪ್ರತಿನಿಧಿಗಳು, ದಿನಾ ಅಲ್ಲಿ ನಡೆಯುವ ಊರಿನವರು ಕೂರಲಿ. ಮೂರು ತಿಂಗಳಿಗೊಮ್ಮೆ ಸಭೆ ಸೇರಲಿ. ಆ ಸಭೆಯಲ್ಲಿ ಏನಾಯಿತು ಎಂಬುದು ಜನರಿಗೆ ಓದಲು ಸಿಗಲಿ.

ಇನ್ನು ನಮ್ಮವರಿಗೆ, ಬೆಂಗಳೂರು, ಮೈಸೂರಿನಿಂದ ಪಾಂಡಿಗೆ ಹೊರಡುವ ಕನ್ನಡಿಗರಿಗೆ.

ಅದು ನಮ್ಮ ಹಾಗೆಯೇ ಬದುಕುವ ಜನರ ಊರು. ವೈಟ್ ಟೌನಿನ ಹಳದಿ ಗೋಡೆಯ ಹಿಂದೆ ಮನೆಗಳಿವೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಕಾರನ್ನು ಹೊರಗಿನ ಪಾರ್ಕಿಂಗಿನಲ್ಲಿ ಬಿಟ್ಟುಬಿಡಿ. ಎರಡು ದಿನಕ್ಕೆ ಸೈಕಲ್ ಬಾಡಿಗೆ ದೊಡ್ಡ ಖರ್ಚೇನಲ್ಲ. ಆ ಊರು ಸಮತಟ್ಟು, ಬೀದಿಗಳು ನೇರ. ಎಷ್ಟೋ ವರ್ಷ ಸೈಕಲ್ ಮುಟ್ಟದವರೂ ಧೈರ್ಯವಾಗಿ ತುಳಿಯಬಹುದು. ಮೂವರು ಒಂದೇ ಸೈಕಲ್ ಹತ್ತಬೇಡಿ, ನಡೆಯುವವರ ನಡುವೆ ರೇಸ್ ಬೇಡ. ಬಂಡೆಗಳ ಮೇಲೆ ಕೂತು ಬಾಟಲಿ ಒಡೆಯಬೇಡಿ. ಆ ಗಾಜು ಬೆಳಿಗ್ಗೆ ಬರಿಗಾಲಿನಲ್ಲಿ ಬರುವ ಮೀನುಗಾರರ ಕಾಲಿಗೆ ಚುಚ್ಚುತ್ತದೆ. ಮತ್ತೆ ಮರಳು ಬಂದಿದೆ ಎಂದು ಗೊತ್ತಿಲ್ಲದ ನೀರಿಗೆ ಇಳಿಯಲೂ ಬೇಡಿ. ಆ ಕಡಲಿನ ಸೆಳೆತ ಜೋರು. ಸಾಧ್ಯವಾದರೆ ಒಮ್ಮೆ ಉತ್ತರದ ತುದಿಯವರೆಗೆ ಹೋಗಿ, ಬಂಡೆಗಳ ಪಕ್ಕದ ಆ ಕೇರಿಗಳನ್ನು ನೋಡಿ, ಅಲ್ಲಿನವರ ಹತ್ತಿರ ಕೂತು ಮಾತಾಡಿ. ನಾವು ಫೋಟೋ ತೆಗೆಯುವ ರಸ್ತೆ ಉಳಿಯಲು ಬೇರೆಯವರು ಏನು ಕಳೆದುಕೊಂಡರು ಎಂಬುದು ನಮಗೆ ತಿಳಿದಿರಬೇಕು.

ಮಾನ್ಯ ಮುಖ್ಯಮಂತ್ರಿಗಳೇ, ನಾನು ನಿಮ್ಮ ಊರಿನ ಮತದಾರ ಅಲ್ಲ. ಅತಿಥಿ. ಅತಿಥಿಯಾದವನು ಇಷ್ಟು ಕೇಳಬಹುದೇ ಎಂದು ಯೋಚಿಸಿದೆ. ಆ ರಸ್ತೆಯ ಮೇಲೆ ಇಷ್ಟು ವರ್ಷ ಸಿಕ್ಕ ಸಂತೋಷಕ್ಕೆ ಸುಮ್ನೆ ಇರುವುದು ಸರಿಯಾದ ಉತ್ತರ ಅನಿಸಲಿಲ್ಲ. ದಕ್ಷಿಣದ ದಿಬ್ಬ ಮತ್ತು ಮರಳಿನ ಲೆಕ್ಕ, ಪಿಯರ್ ಬಗ್ಗೆ ತೀರ್ಮಾನ, ವಾರಾಂತ್ಯದ ವಾಹನ ನಿಷೇಧ, ಈ ಮೂರರ ಬಗ್ಗೆ ಮುಂದಿನ ಈಶಾನ್ಯ ಮುಂಗಾರು ಶುರುವಾಗುವ ಮೊದಲು ನಿಮ್ಮ ಕಚೇರಿಯಿಂದ ಉತ್ತರ ಬರಲಿ ಎಂದು ಕೇಳಿಕೊಳ್ಳುತ್ತೇನೆ. ಅದನ್ನು ಕನ್ನಡದಲ್ಲಿ ನಮ್ಮ ಓದುಗರಿಗೆ ತಲುಪಿಸುವ ಹೊಣೆ ನನ್ನದು. ನೀವು ಸಭೆ ಕರೆದರೆ ಬೆಂಗಳೂರಿನಿಂದ ಸ್ವಂತ ಖರ್ಚಿನಲ್ಲಿ ಬರಲು ನಾನೂ ನನ್ನ ಜೊತೆಗಿನ ಸೈಕಲ್ ಸವಾರರೂ ತಯಾರಿದ್ದೇವೆ.

ಗೌರವಗಳೊಂದಿಗೆ,

ಬೆಂಗಳೂರಿನಲ್ಲಿರುವ ಒಬ್ಬ ಉಳ್ಳಾಲದವನು